ಓಡ್ತಾ ಓಡ್ತಾ ನಿಂತೇ ಇರೋ ಮ್ಯೂಸಿಕ್

ಬ್ಲ್ಯಾಕ್ ಮೆಟಲ್, ಅಂದ್ರೆ ಹೆವಿ ಮೆಟಲ್ ಸಂಗೀತದ ಒಂದು ಉಗ್ರ ಬಗೆ, ಅಂದ ತಕ್ಷಣ ಸುಮಾರು ಜನಕ್ಕೆ ನೆನಪಾಗೋದು ಮುಖಕ್ಕೆ ಕಪ್ಪು ಬಿಳಿ ಬಣ್ಣ ಬಳ್ಕೊಂಡಿರೋ ನಾರ್ವೆ ಹುಡುಗ್ರು, ಸೈತಾನ, 90ರ ದಶಕದಲ್ಲಿ ಚರ್ಚ್‌ಗಳಿಗೆ ಬೆಂಕಿ ಹಚ್ಚಿದ ಕಥೆ, ಅಷ್ಟೇ. ಕಥೆ ಕೇಳಿರೋರು ಜಾಸ್ತಿ, ಮ್ಯೂಸಿಕ್ ಕೇಳಿರೋರು ಕಮ್ಮಿ. ಅದಕ್ಕೇ ಎಲ್ಲಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ನಾರ್ವೆ ಕಡೆ ಕಳ್ಸೋದೇ ಇಲ್ಲ, ಸೀದಾ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾಗೆ ಕಳಿಸ್ತೀನಿ.

ವುಲ್ವ್ಸ್ ಇನ್ ದ ಥ್ರೋನ್ ರೂಮ್ ಅಲ್ಲಿಯ ಬ್ಯಾಂಡು. ನೇಥನ್ ವೀವರ್ ಗಿಟಾರ್ ಮತ್ತೆ ಗಂಟಲು, ಆರನ್ ವೀವರ್ ಡ್ರಮ್ಸ್, ಇಬ್ರೂ ಅಣ್ಣತಮ್ಮಂದಿರು. ಆ ಕಡೆ ವರ್ಷದಲ್ಲಿ ಅರ್ಧ ಕಾಲ ಮೋಡ, ಜಿಟಿಜಿಟಿ ಮಳೆ, ಪಾಚಿ ಹಿಡಿದ ದೊಡ್ಡ ದೊಡ್ಡ ಸೀಡರ್ ಮರ. ಇವ್ರೂ ಊರಾಚೆ ತೋಟ ಮಾಡ್ಕೊಂಡು ಇದ್ದೋರು, ಕಾಡು ಉಳ್ಸೋ ಚಳವಳಿಯವರ ಜೊತೆ ಒಡನಾಟ ಇದ್ದೋರು, ಹಾಗಾಗಿ ಹಾಡಲ್ಲಿ ಸೈತಾನನ ಬದ್ಲು ಕಾಡು, ಬೇರು, ಹಳೇ ದೇವತೆಗಳು. ಕಟ್ಟಾ ಬ್ಲ್ಯಾಕ್ ಮೆಟಲ್ ಮಂದಿ ಇದೇನ್ರೀ ಪರಿಸರ ದಿನಾಚರಣೆ ಅಂತ ಗೊಣಗಿದ್ದೂ ಆಯ್ತು. ಗೊಣಗ್ಲಿ ಬಿಡಿ.

ನನಗೆ ಇವ್ರ ಹತ್ರ ಇಷ್ಟ ಆಗೋದು ಒಂದೇ ವಿಷ್ಯ. ಡ್ರಮ್ಸ್‌ನಲ್ಲಿ ಬ್ಲಾಸ್ಟ್ ಬೀಟ್ ಅಂತಾರಲ್ಲ, ಕಿಕ್ಕು ಸ್ನೇರು ಸಿಂಬಲ್ಲು ಮೂರೂ ಮಷಿನ್ ಗನ್ ಥರ ಹೊಡ್ಯೋದು, ಅದು ಇಲ್ಲೂ ಇದೆ, ಗಿಟಾರಲ್ಲಿ ಒಂದೇ ಸ್ವರವನ್ನ ಮೇಲೆ ಕೆಳಗೆ ಬಿಡುವಿಲ್ಲದೆ ಗೀಚೋ ಟ್ರೆಮೊಲೊನೂ ಇದೆ, ಆದ್ರೆ ಕಾರ್ಡು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಅದು ಮಾತ್ರ ಬದ್ಲಾಗೋದೇ ಇಲ್ಲ, ಬದಲಾದ್ರೂ ಯಾವಾಗ್ಲೋ ಒಂದ್ ಸಲ, ನಿಧಾನಕ್ಕೆ. ಕೈ ಅಷ್ಟು ಜೋರಾಗಿ ಓಡ್ತಿದ್ರೂ ಹಾಡು ನಿಂತಲ್ಲೇ ನಿಂತಿರುತ್ತೆ. ಸ್ವಲ್ಪ ಹೊತ್ತಾದ್ಮೇಲೆ ಆ ಗಲಾಟೆ ಗಲಾಟೆ ಅನ್ನಿಸದೆ ತಂಬೂರಿ ಶ್ರುತಿ ಥರ ಹಿಂದೆ ಸರಿದು, ಅದರೊಳಗಿಂದ ಒಂದು ಸಣ್ಣ ಮೆಲೊಡಿ ಕೇಳ್ಸೋಕೆ ಶುರು ಆಗುತ್ತೆ. ಮೊದಲ್ನೇ ಎರಡು ನಿಮಿಷಕ್ಕೇ ಆಫ್ ಮಾಡೋರಿಗೆ ಇದು ಸಿಗಲ್ಲ.

2006ರ ಡಯಾಡೆಮ್ ಆಫ್ 12 ಸ್ಟಾರ್ಸ್ ಮೊದಲ್ನೇ ಆಲ್ಬಮ್, ನಾಲ್ಕೇ ಟ್ರ್ಯಾಕು, ಸುಮಾರು ಒಂದು ಗಂಟೆ. ಅದು ಚೆನ್ನಾಗೇ ಇದೆ, ಆದ್ರೆ ಇವ್ರಿಗೆ ತಮ್ಮದೇ ಧಾಟಿ ಸಿಕ್ಕಿದ್ದು 2007ರ ಟೂ ಹಂಟರ್ಸ್‌ನಲ್ಲಿ. ಅದರಲ್ಲಿ ಕ್ಲೆನ್ಸಿಂಗ್ ಅನ್ನೋ ಹಾಡು ಕೇಳಿ: ಶುರುವಿಗೆ ಜೆಸಿಕಾ ಕೆನಿ ಹಾಡ್ತಾರೆ, ಜಾವಾ ಮತ್ತೆ ಪರ್ಷಿಯನ್ ಗಾಯನ ಕಲ್ತಿರೋ ಹೆಣ್ಮಗಳು, ಪದಗಳನ್ನ ಎಳೆದು ಎಳೆದು ಆರಾಮಾಗಿ ಹಾಡ್ತಿರುವಾಗ ಒಂದೇ ಏಟಿಗೆ ಬ್ಯಾಂಡ್ ಪೂರ್ತಿ ಮೇಲೆ ಬೀಳುತ್ತೆ. ಕೊನೇ ಹಾಡು ಐ ವಿಲ್ ಲೇ ಡೌನ್ ಮೈ ಬೋನ್ಸ್ ಅಮಂಗ್ ದ ರಾಕ್ಸ್ ಅಂಡ್ ರೂಟ್ಸ್, ಹೆಸರು ಓದೋಕೇ ಟೈಮ್ ಬೇಕು, ಹಾಡು 18 ನಿಮಿಷ. ಒಂದ್ ನಿಮಿಷನೂ ಕತ್ತರಿಸೋ ಹಾಗಿಲ್ಲ ಅನ್ನೋದು ನನ್ನ ವಾದ.

2009ರಲ್ಲಿ ಬ್ಲ್ಯಾಕ್ ಕ್ಯಾಸ್ಕೇಡ್ ಬಂತು, ಒರಟು, ಅಲಂಕಾರ ಕಮ್ಮಿ. 2011ರ ಸೆಲೆಸ್ಟಿಯಲ್ ಲಿನಿಯೇಜ್‌ನಲ್ಲಿ ಕೆನಿ ವಾಪಸ್, ಪೂಜೆ ನಡೀತಿರೋ ಥರದ ವಾತಾವರಣ. ಇಲ್ಲಿಗೆ ಟೂ ಹಂಟರ್ಸ್‌ನಿಂದ ಶುರುವಾದ ಮೂರು ಆಲ್ಬಮ್‌ಗಳ ತ್ರಿವಳಿ ಮುಗೀತು. ಆಮೇಲೆ 2014ರಲ್ಲಿ ಸೆಲೆಸ್ಟೈಟ್ ಅಂತ ಬಿಟ್ರು, ಡ್ರಮ್ಸ್ ಇಲ್ಲ, ಕಿರುಚಾಟ ಇಲ್ಲ, ಹೆಚ್ಚಾಗಿ ಸಿಂಥಸೈಜರ್ ಹೊಗೆ. ಫ್ಯಾನ್ಸ್ ಎಲ್ಲಾ ತಲೆ ಚಚ್ಕೊಂಡ್ರು. ನಂಗೂ ಪೂರ್ತಿ ಹಿಡ್ಸಲಿಲ್ಲ, ಆದ್ರೆ ಡ್ರಮ್ಸ್ ತೆಗೆದ್ರೂ ಬ್ಯಾಂಡ್ ಯಾವುದು ಅಂತ ಗೊತ್ತಾಗುತ್ತಲ್ಲ, ಅದು ಸುಮ್ನೆ ಅಲ್ಲ.

2017ರ ಥ್ರೈಸ್ ವೋವನ್‌ನಲ್ಲಿ ಗಿಟಾರಿಸ್ಟ್ ಕೋಡಿ ಕೀವರ್ತ್ ಸೇರ್ಕೊಂಡು ಮತ್ತೆ ಗಟ್ಟಿ ಮೆಟಲ್ಲು, ಸ್ವೀಡನ್ನಿನ ಆನಾ ವಾನ್ ಹೌಸ್‌ವುಲ್ಫ್ ಕೂಡ ಹಾಡಿದ್ದಾರೆ. 2021ರ ಪ್ರೈಮೋರ್ಡಿಯಲ್ ಅರ್ಕಾನಾನ ತಮ್ಮದೇ ಸ್ಟುಡಿಯೋದಲ್ಲಿ ತಾವೇ ರೆಕಾರ್ಡ್ ಮಾಡ್ಕೊಂಡ್ರು. ಸೌಂಡ್ ಭರ್ಜರಿಯಾಗಿದೆ, ಕೀಬೋರ್ಡ್ ಧಾರಾಳ, ಹಾಡುಗಳು ಚಿಕ್ಕದು. ನನ್ ತಕರಾರು ಅಲ್ಲೇ ಇರೋದು, ಕಿವಿ ಒಳಗೆ ಇಳಿದು ಕೂತ್ಕೊಳ್ಳೋ ಹೊತ್ತಿಗೆ ಹಾಡೇ ಮುಗ್ದಿರುತ್ತೆ.