ಕಾಪು ಲೈಟ್‌ಹೌಸು, ದೀಪ ಕಾಯ್ತಿದ್ದವ್ರು

ಮಂಡ್ಯದಲ್ಲಿ ಬೆಳೆದ ನಮಗೆ ನೀರು ಅಂದ್ರೆ ಕೆಆರ್‌ಎಸ್ಸು, ವಿಸಿ ನಾಲೆ. ಸಮುದ್ರ ನೋಡ್ಬೇಕು ಅಂದ್ರೆ ಘಟ್ಟ ಇಳೀಬೇಕು. ಉಡುಪಿ ಕಡೆ ಹೋದಾಗ ಕಾಪು ಲೈಟ್‌ಹೌಸ್ ನೋಡಿದ್ಮೇಲೆ ನನ್ ತಲೇಲಿ ಅದೇ ಓಡ್ತಿದೆ. 1901ರಲ್ಲಿ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಬಂಡೆ ಮೇಲೇ ನಿಂತಿದೆ.

ಈಗೆಲ್ಲ ಕರೆಂಟು. ಆದ್ರೆ ಆ ಕಾಲದ ಲೈಟ್‌ಹೌಸ್‌ಗಳಲ್ಲಿ ಕೀಪರ್‌ಗಳು ಆಲೆಮನೇಲಿ ಒಲೆಗೆ ಸಿಪ್ಪೆ ಹಾಕ್ತಾ ರಾತ್ರಿಯೆಲ್ಲ ಕೂರೋ ಹಾಗೆ ದೀಪದ ಪಕ್ಕದಲ್ಲೇ ಇರ್ಬೇಕಿತ್ತು, ಎಣ್ಣೆ ತುಂಬ್ಸೋದು, ಬತ್ತಿ ಕತ್ತರಿಸೋದು, ಲೆನ್ಸ್ ತಿರುಗಿಸೋ ಗಡಿಯಾರದಂಥ ಮಿಷನ್ನಿನ ತೂಕದ ಗುಂಡು ಕೆಳಗಿಳಿದ್ರೆ ಮತ್ತೆ ಕೈಯಲ್ಲಿ ಸುತ್ತಿ ಮೇಲೇರಿಸೋದು, ಬೆಳಗಾದ್ರೆ ಗಾಜಿಗೆ ಹಿಡಿದ ಮಸಿ ಒರೆಸೋದು. ಅಂಗಿ ಗುಂಡಿ ತಾಗಿ ಲೆನ್ಸ್ ಗೀರ್‌ಬಾರ್ದು ಅಂತ ಮೇಲೊಂದು ಬಟ್ಟೆ ಕಟ್ಕೋತಿದ್ರಂತೆ! ಹಗಲು ಪರದೆ ಬೇರೆ ಎಳೀಬೇಕು, ಇಲ್ದಿದ್ರೆ ಬಿಸಿಲು ಲೆನ್ಸಲ್ಲಿ ಒಟ್ಟಾಗಿ ಬೆಂಕಿ ಹತ್ಕೊಳ್ಳುತ್ತೆ.

ಆ ಲೆನ್ಸ್ ಫ್ರೆನೆಲ್ ಅನ್ನೋ ಫ್ರೆಂಚ್ ವಿಜ್ಞಾನಿ ಐಡಿಯಾ. ಒಂದೇ ದಪ್ಪ ಗಾಜಿನ ಬದ್ಲು ಉಂಗುರ ಉಂಗುರವಾಗಿ ಗಾಜು ಜೋಡಿಸಿ, ಚದುರೋ ಬೆಳಕನ್ನ ಒಂದೇ ದಿಕ್ಕಿಗೆ ಕಳಿಸ್ತಾರೆ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್‌ನಲ್ಲಿ ಮೊದಲು ಹಾಕಿದ್ದು.

ನನ್ನ ಮನಸ್ಸು ಹಿಂಡಿದ್ದು ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ವಿಷ್ಯ. 1900ರ ಡಿಸೆಂಬರ್‌ನಲ್ಲಿ ಅಲ್ಲಿದ್ದ ಮೂರೂ ಜನ ಕೀಪರ್‌ಗಳು ಕಾಣೆ. ಹುಡುಕ್ಕೊಂಡು ಹೋದವ್ರು ನೋಡಿದ್ರೆ ದೀಪ ಒರೆಸಿ, ಎಣ್ಣೆ ತುಂಬಿ ರೆಡಿ ಇತ್ತು. ದೊಡ್ಡ ಅಲೆ ಎಳ್ಕೊಂಡು ಹೋಗಿರ್ಬೇಕು ಅಂತ ತನಿಖೆಯವ್ರು ಬರೆದ್ರು, ಮೂವರೂ ಸಿಗ್ಲೇ ಇಲ್ಲ.

ಕಾಪುಗೆ ಹೋದ್ರೆ ಬರೀ ಸೆಲ್ಫಿ ತಗೊಂಡು ಬರ್ಬೇಡಿ, ತೆರೆದಿದ್ರೆ ಹತ್ತಿ ನೋಡಿ, ವಯಸ್ಸಾದವ್ರು ಜೊತೇಲಿದ್ರೆ ಕೈ ಹಿಡ್ಕೊಳ್ಳಿ.