ಹಿಂದೆ ಇನ್ನೂ ಮೂವರಿದ್ದಾರೆ

ಭಾನುವಾರದಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ರಾ?"

ಅಮೆರಿಕದ ನೆವಾಡಾದಲ್ಲಿ, ತಾಹೋ ಸರೋವರದ ಪೂರ್ವ ದಂಡೆಯ ಮೇಲಿರುವ ಫ್ಲೂಮ್ ಟ್ರೇಲ್ ಎಂಬ ಬೆಟ್ಟದ ದಾರಿಗೆ ಹೋಗಿದ್ದೆವು, ನಾನು ಮತ್ತು ನನ್ನ ಹೆಂಡತಿ. ಟನಲ್ ಕ್ರೀಕ್ ಕಡೆಯಿಂದ ಹತ್ತಿದರೆ ಮೊದಲು ಬರೀ ಮರಳು, ಬರೀ ಏರು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೇಲೆ ತಲುಪಿದರೆ ದಾರಿ ಹೆಚ್ಚುಕಮ್ಮಿ ಸಮತಟ್ಟು. ಅದಕ್ಕೆ ಕಾರಣವಿದೆ. 1870ರ ದಶಕದಲ್ಲಿ, ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳ ಕಾಲದಲ್ಲಿ, ಬೆಟ್ಟದ ಪಕ್ಕೆ ಕೊರೆದು ಇಲ್ಲಿ ಮರದ ಕಾಲುವೆ ಕಟ್ಟಿದ್ದರು. ನೀರು ಹರಿಯಲೆಂದು ಮಾಡಿದ ದಾರಿ, ಹಾಗಾಗಿ ಕಾಲಿಗೆ ಹಿತ. ಎದೆಗೆ ಅಲ್ಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ 1,500 ಅಡಿ ಕೆಳಗೆ ನೀಲಿ ನೀರು. ಕೆಲವು ಕಡೆ ದಾರಿ ಒಂದು ಸೈಕಲ್‌ನ ಹ್ಯಾಂಡಲ್‌ಗಿಂತ ಸ್ವಲ್ಪವೇ ಅಗಲ.

ಸೈಕಲ್‌ನವರು ಸಾಮಾನ್ಯವಾಗಿ ಮಾರ್ಲೆಟ್ ಕೆರೆಯ ಕಡೆಯಿಂದ ಬರುತ್ತಾರೆ, ಅಂದರೆ ನಮಗೆ ಎದುರಾಗಿ. ರೂಢಿಯಂತೆ ಅವರೇ ನಡೆಯುವವರಿಗೆ ದಾರಿ ಬಿಡಬೇಕು. ಆದರೆ ಅಂಥ ಜಾಗದಲ್ಲಿ ನಾವು ಬಂಡೆಗೆ ಒರಗಿ ನಿಲ್ಲುವುದೇ ಸುಲಭ. ದಾಟುವಾಗ ಮುಂದಿನವರು ಹಿಂದೆ ಎಷ್ಟು ಜನ ಇದ್ದಾರೆ ಅಂತ ಹೇಳಿ ಹೋಗುತ್ತಾರೆ. ಒಳ್ಳೆಯ ಪದ್ಧತಿ.

ಒಬ್ಬ ಬಂದ. "ಹಿಂದೆ ಇನ್ನೂ ಮೂವರಿದ್ದಾರೆ" ಅಂದ. ನಿಂತೆವು. ಒಬ್ಬಳು ಹೋದಳು. ಇನ್ನೊಬ್ಬ ಹೋದ. ಮತ್ತೆ ಯಾರೂ ಇಲ್ಲ.

"ರೀ, ಮೂರನೆಯವರು ಎಲ್ಲಿ?"

"ಬರ್ತಾರೆ, ನಿಲ್ಲು."

ಹತ್ತು ನಿಮಿಷ ಬಂಡೆಗೆ ಬೆನ್ನು ಹಚ್ಚಿಕೊಂಡು ನಿಂತೆವು. ಕೆಳಗೆ ಸ್ಯಾಂಡ್ ಹಾರ್ಬರ್‌ನ ಬಂಡೆಗಳು ನೀರಿನಲ್ಲಿ ಬಟಾಣಿ ಚೆಲ್ಲಿದ ಹಾಗೆ ಕಾಣುತ್ತಿದ್ದವು. ನನಗೆ ಅದನ್ನು ನೋಡುವ ವ್ಯವಧಾನ ಇರಲಿಲ್ಲ. ತಿರುವಿನ ಮೇಲೇ ಕಣ್ಣು.

ಕೊನೆಗೆ ಟಿಕ್ ಟಿಕ್ ಟಿಕ್ ಅಂತ ಚಕ್ರದ ಸದ್ದು. ನಿಧಾನವಾಗಿ. ಐವತ್ತರ ಆಸುಪಾಸಿನ ಹೆಂಗಸು, ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ತಾವು ಬಂಡೆಯ ಕಡೆ, ಸೈಕಲ್ ಕಣಿವೆಯ ಕಡೆ. ಬಿದ್ದರೆ ಅದು ಬೀಳಲಿ ಅನ್ನುವ ಹಾಗೆ. ಬ್ರೇಕ್ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ನಿಮಗಾಗೇ ಕಾಯ್ತಿದ್ವಿ. ಮೂವರು ಬರ್ತಾರೆ ಅಂತ ನಿಮ್ಮವರು ಹೇಳಿದ್ರು" ಅಂದೆ.

ಆಗ ಅವರು ಕೇಳಿದ್ದು ಅದನ್ನೇ. "ನನ್ನನ್ನೂ ಲೆಕ್ಕಕ್ಕೆ ಹಿಡಿದಿದ್ರಾ?" ಕೇಳಿ ನಕ್ಕರು. ಮುಂದೆ ಹೋದರು.

ಖುಷಿಯಲ್ಲಿ ನಕ್ಕರು ಅಂತ ನಾನು. "ಖುಷಿಯಂತೆ! ಉರಿದುಕೊಂಡು ನಕ್ಕಿದ್ದು" ಅಂತ ನನ್ನವಳು. ಭಯಪಡುವವರನ್ನು ಅಂಥ ಅಂಚಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದು, ಆಮೇಲೆ ಅಪರಿಚಿತರ ಮುಂದೆ ತಲೆ ಎಣಿಸಿ ತೋರಿಸುವುದು, ಅದೆಂಥ ಗೆಳೆತನ ಅಂತ ಅವಳ ವಾದ. ಆ ಮೊದಲನೆಯವನು ನನಗೂ ಹಿಡಿಸಿರಲಿಲ್ಲ, ಆ ಮಿಂಚುವ ಕನ್ನಡಕ, ಆ ಅವಸರ. ಆದರೂ ಅವನು ಲೆಕ್ಕ ತಪ್ಪಲಿಲ್ಲ ಅಲ್ವಾ ಅಂದೆ.

"ನೀವಾಗಿದ್ರೆ 'ಹಿಂದೆ ಯಾರೂ ಇಲ್ಲ' ಅಂತಿದ್ರಿ."

ತಮಾಷೆಗೆ ಅಂದಳು ಅಂದುಕೊಂಡೆ. ಆಮೇಲೆ ಒಂದೊಂದೇ ನೆನಪಾಯಿತು. ಮದುವೆ ಮನೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ಬೆಳಗ್ಗೆ ಆ ಮರಳಿನ ಏರಿನಲ್ಲೂ, ನಾನು ಯಾವಾಗಲೂ ಇಪ್ಪತ್ತು ಹೆಜ್ಜೆ ಮುಂದೆ. ತಿರುಗಿ ನೋಡಿದ್ದು ಕಡಿಮೆ.

ವಾಪಸ್ ಬರುವಾಗ ಅವಳನ್ನೇ ಮುಂದೆ ಬಿಟ್ಟೆ. ದೊಡ್ಡ ಮನಸ್ಸು ಮಾಡಿದೆ ಅಂತ ನನಗೇ ಅನಿಸಿತ್ತು. ಮರಳಿನ ಇಳಿಜಾರು ಶುರುವಾದದ್ದೇ ತಡ, ಸರಸರ ಇಳಿದು ಹೋದಳು. ನನ್ನ ಮಂಡಿ ನೋವು ಅವಳಿಗೆ ಗೊತ್ತು, ಆದರೂ ನಿಲ್ಲಲಿಲ್ಲ. ದೂರದಲ್ಲಿ, ಹತ್ತಿ ಬರುತ್ತಿದ್ದ ಒಬ್ಬ ಹುಡುಗನಿಗೆ ಕೈ ತೋರಿಸಿ ಏನೋ ಹೇಳಿದ್ದು ಕಾಣಿಸಿತು.

ಹುಡುಗ ನನ್ನ ಹತ್ತಿರ ಬಂದು ಪಕ್ಕಕ್ಕೆ ಸರಿದು ನಿಂತ. "ಒಬ್ಬರು ಬರ್ತಿದ್ದಾರೆ ಅಂದ್ರು," ಅಂದ, "ನೀವೇ ಅಲ್ವಾ?"