ಕೊಂದದ್ದು ಕಣವಾ, ಕರಗಿದ ಬೆಳ್ಳಿಯಾ?

ಪೋಸ್ಟ್‌ಡಾಕ್ ಕೆಲಸದ ಆನ್‌ಲೈನ್ ಇಂಟರ್‌ವ್ಯೂ ಇದ್ದದ್ದು ಮಧ್ಯಾಹ್ನ ಎರಡೂವರೆಗೆ. ಯುರೋಪಿನ ಆ ಲ್ಯಾಬಿನವರಿಗೆ ಆಗ ಬೆಳಗ್ಗೆ ಹನ್ನೊಂದು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ಗೊತ್ತಲ್ಲ, ಫ್ಯಾನ್ ಹಾಕಿದರೆ ಮೈಕಿನಲ್ಲಿ ಗರಗರ ಸದ್ದು, ಆಫ್ ಮಾಡಿದರೆ ಬೆವರು. ಆಫ್ ಮಾಡಿದೆ. ಅಷ್ಟರಲ್ಲಿ ಮಲೇಬೆನ್ನೂರಿನಿಂದ ದೊಡ್ಡಪ್ಪ ಬಂದರು. ಕಣ್ಣು ತೋರಿಸಲು ಆಸ್ಪತ್ರೆಗೆ ಬಂದಿದ್ದರಂತೆ. ಅವ್ವ ಎಷ್ಟು ಕರೆದರೂ ಒಳಗೆ ಹೋಗಲಿಲ್ಲ. "ನಾನು ಸುಮ್ನೆ ಕೂತಿರ್ತೀನಿ, ನಿನ್ ಪಾಡಿಗೆ ನೀನು ಮಾತಾಡಪ್ಪಾ" ಅಂತ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟರು.

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿದ ಮೇಲೆ ಒಂದೆರಡು ವರ್ಷ ಮಾಡುವ ಸಂಶೋಧನೆ ಕೆಲಸ. ಇದನ್ನು ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ, "ಇನ್ನೂ ಓದು ಮುಗಿದಿಲ್ವಾ" ಅಂತಲೇ ಕೇಳುತ್ತಾರೆ. ಈ ಕೆಲಸದ ವಿಷಯ ನ್ಯಾನೊ ವಸ್ತುಗಳ ಸುರಕ್ಷತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ಸುಮಾರು 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಗಳು ನಮ್ಮ ಶ್ವಾಸಕೋಶ, ಕರುಳು, ಚರ್ಮಕ್ಕೆ ಏನು ಮಾಡುತ್ತವೆ ಅಂತ ನೋಡುವುದು. ಸುಮ್ಮನೆ ಹುಟ್ಟಿದ ಚಿಂತೆ ಅಲ್ಲ ಇದು. ಚೂಯಿಂಗ್ ಗಮ್ಮಿಗೆ, ಮಿಠಾಯಿಗೆ ಬಿಳಿ ಬಣ್ಣ ಕೊಡುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಅಲ್ಲಿಯ ಜನ ಎಷ್ಟೋ ವರ್ಷ ತಿಂದಿದ್ದರು, ಕೊನೆಗೆ 2022ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಆಹಾರದಲ್ಲಿ ಹಾಕಬಾರದು ಅಂತ ನಿಷೇಧಿಸಿತು.

ನನ್ನ ಪಿಎಚ್‌ಡಿ ಸೊಪ್ಪಿನ ರಸದಿಂದ ಬೆಳ್ಳಿಯ ನ್ಯಾನೊ ಕಣ ಮಾಡುವುದು. ಬೇವು, ತುಳಸಿ, ನುಗ್ಗೆ, ಹೊಂಗೆ... ನಮ್ಮ ಕಡೆ ಬೆಳ್ಳಿ ಮಾಡಿಸದೇ ಬಿಟ್ಟ ಸೊಪ್ಪು ಯಾವುದಾದರೂ ಉಳಿದಿದ್ದರೆ ಹೇಳಿ. ಸಿಲ್ವರ್ ನೈಟ್ರೇಟ್ ನೀರಿಗೆ ರಸ ಹಾಕಿದರೆ ಮೊದಲು ಹಳದಿ, ಆಮೇಲೆ ಕಾಫಿ ಬಣ್ಣ. ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆದಾಗ 420 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಪೀಕ್ ಬಂತು ಅಂದರೆ ಬೆಳ್ಳಿ ಕಣ ಆಗಿದೆ ಅಂತ ಲೆಕ್ಕ, ಅವತ್ತು ಲ್ಯಾಬಲ್ಲಿ ಬೆಣ್ಣೆ ದೋಸೆ ಪಾರ್ಟಿ. ಆ ಕಣಗಳನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಕೋಶ ಸತ್ತವು ಅಂತ ಪೇಪರ್ ಬರೆದಿದ್ದೆ.

ಸ್ಕ್ರೀನಿನಲ್ಲಿ ಮೂರು ಜನ. ನನ್ನ ಸ್ಲೈಡು ಮುಗಿದ ಕೂಡಲೇ ಮಧ್ಯದ ಮೇಡಂ ಕೇಳಿದರು, "ಕೋಶಗಳನ್ನು ಕೊಂದದ್ದು ಕಣ ಅಂತ ನಿಮಗೆ ಹೇಗೆ ಗೊತ್ತು?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಬೆಳ್ಳಿ ಕಣ ನೀರಿನಲ್ಲಿ ಹಾಗೇ ಇರುವುದಿಲ್ಲ, ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಕರಗಿ ಬೆಳ್ಳಿ ಅಯಾನು, ಅಂದರೆ ವಿದ್ಯುದಾವೇಶ ಇರುವ ಬೆಳ್ಳಿ ಪರಮಾಣು, ಬಿಡುತ್ತದೆ. ಆ ಅಯಾನು ಕೋಶಕ್ಕೆ ತಾನೇ ವಿಷ. ಹಾಗಾದರೆ ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ತಳಕ್ಕೆ ಇಳಿಸಿ, ಮೇಲಿನ ತಿಳಿ ನೀರನ್ನು ಮಾತ್ರ ಕೋಶಕ್ಕೆ ಹಾಕಿ ನೋಡಬೇಕಿತ್ತು. ತಿಳಿ ನೀರಿಗೇ ಕೋಶ ಸತ್ತರೆ ನನ್ನ ಕಣದ ಕಥೆ ಅರ್ಧ ಅಲ್ಲೇ ಬಿದ್ದುಹೋಗುತ್ತದೆ. ನಾನು ಬರೀ ಸೊಪ್ಪಿನ ರಸ ಹಾಕಿ ನೋಡಿದ್ದೆ, ತಿಳಿ ನೀರು ಹಾಕಿರಲಿಲ್ಲ. ಅದೂ ಅಲ್ಲದೆ ನನ್ನದೆಲ್ಲ ಎಂಟಿಟಿ ಟೆಸ್ಟ್ ಒಂದನ್ನೇ ನಂಬಿದ ಲೆಕ್ಕ. ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಅದನ್ನು ಬೆಳಕಿನಲ್ಲಿ ಅಳೆಯುತ್ತೇವೆ. ಕಣಗಳೇ ಬೆಳಕು ಹೀರಿದರೆ, ಬಣ್ಣದ ಜೊತೆ ತಾವೇ ವರ್ತಿಸಿದರೆ ಆ ಅಂಕಿಗೆ ಏನು ಬೆಲೆ? ಐದು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಪಿಎಚ್‌ಡಿ ಕೊನೆಯ ಮೌಖಿಕ ಪರೀಕ್ಷೆ ವೈವಾದಲ್ಲಿ ಕೇಳಿದ್ದು ಸೊಪ್ಪು ಎಲ್ಲಿ ಕಿತ್ತಿರಿ ಅಂತ.

"ಮಾಡಿಲ್ಲ" ಅಂದೆ. ಬೇರೆ ಏನೂ ತೋಚಲಿಲ್ಲ.

ಆಮೇಲೆ ಇನ್ನೊಬ್ಬರು, ಬಹುಶಃ ನನ್ನ ಮುಖ ನೋಡಿ, ನಿಮ್ಮ ಊರಿನಲ್ಲಿ ಇಂಥ ಕಣಗಳ ಸಮಸ್ಯೆ ಏನಾದರೂ ಇದೆಯಾ ಅಂದರು. ಇದಕ್ಕೆ ನಾನು ತಯಾರಿ ಮಾಡಿರಲಿಲ್ಲ, ಅದಕ್ಕೇ ಏನೋ ಸರಿಯಾಗಿ ಮಾತಾಡಿದೆ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳ ಬಗ್ಗೆ ಹೇಳಿದೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾರೆ, ಒಲೆಗೆ ಭತ್ತದ ಹೊಟ್ಟು ಹಾಕುತ್ತಾರೆ, ಹೊಗೆಯಲ್ಲಿ ನೂರು ನ್ಯಾನೊಮೀಟರಿಗಿಂತ ಸಣ್ಣ ಕಣ ಇದ್ದೇ ಇರುತ್ತವೆ, ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಕಡಿಮೆ ಶಾಖದಲ್ಲಿ ಸುಟ್ಟರೆ ಅದಕ್ಕೆ ಹರಳಿನ ರೂಪ ಇರುವುದಿಲ್ಲ, ಬೆಂಕಿ ಜಾಸ್ತಿಯಾದರೆ ಹರಳಾಗುತ್ತದೆ, ಹರಳು ಸಿಲಿಕಾದ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಸ್ಕೂಲಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಅಪ್ಪ ಭಟ್ಟಿಯಲ್ಲೇ ದುಡಿಯುತ್ತಿದ್ದರು, ಅವರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದದ್ದು ಕೆಮ್ಮು. ಅದನ್ನೂ ಹೇಳಿದೆ. ಮೂವರೂ ಬರೆದುಕೊಂಡರು. ದೊಡ್ಡಪ್ಪನಿಗೆ ಇಷ್ಟು ಹೊತ್ತಿನ ಇಂಗ್ಲಿಷಿನಲ್ಲಿ ಸಿಕ್ಕಿದ್ದು "ಮಂಡಕ್ಕಿ" ಒಂದೇ. ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಕಾಲ್ ಮುಗಿದ ಕೂಡಲೇ, "ಮಂಡಕ್ಕಿ ಬಗ್ಗೆ ಕೇಳೋಕೆ ಅಷ್ಟು ದೂರದಿಂದ ಫೋನ್ ಮಾಡ್ತಾರಾ?" ಅಂದರು.

ಎರಡು ವಾರಕ್ಕೆ ಮೇಲ್ ಬಂತು. ಕೆಲಸ ಬೇರೆಯವರಿಗೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಜಾಸ್ತಿ ಕಾಡಿದ್ದು ಆ ತಿಳಿ ನೀರು. ಹಳೇ ಗೈಡ್ ಹತ್ತಿರ ಹೋಗಿ ಫ್ರಿಜ್ಜಿನಲ್ಲಿ ಉಳಿದಿದ್ದ ಬಾಟ್ಲಿ ತೆಗೆಸಿದೆ. ಕಾಫಿ ಬಣ್ಣ ಹೋಗಿ ತಳದಲ್ಲಿ ಕಪ್ಪು ಗಸಿ. ಎಲ್ಲ ಹೊಸದಾಗಿ ಮಾಡಬೇಕು. ಸೆಂಟ್ರಿಫ್ಯೂಜಿಗೆ ಸರದಿ ಬರೆಸಿ ಬಂದಿದ್ದೇನೆ.

ಮೊನ್ನೆ ದೊಡ್ಡಪ್ಪನ ಫೋನ್. ಗದ್ದೆಗೆ ನ್ಯಾನೊ ಯೂರಿಯಾ ಹೊಡೆಸುತ್ತಾರಂತೆ, ಅದೇ ಅರ್ಧ ಲೀಟರ್ ಬಾಟ್ಲಿ.

"ನೀನು ಓದಿರೋದು ಅದೇ ಅಲ್ವಾ? ಹೊಡಿಯೋ ಹುಡುಗ ಮೂಗಿಗೆ ಟವಲ್ ಕಟ್ಕೊಂಡ್ರೆ ಸಾಕಾ?"

"ಟವಲ್ ಸಾಲಲ್ಲ ದೊಡ್ಡಪ್ಪಾ, ಮಾಸ್ಕ್ ಕೊಡಿಸಿ. ಗಾಳಿ ಬೆನ್ನಿಗೆ ಬರೋ ಹಾಗೆ ನಡೀಲಿ."

"ಮಾಸ್ಕು ಕೊರೋನಾದ್ದು ಐತೆ, ನಡೀತದಾ?"

ಯಾವ ಥರದ್ದು ಅಂತ ಫೋಟೋ ಕಳಿಸಿ ಅಂದಿದ್ದೇನೆ.